ಅತ್ತಿಗೆಯ ಏಳಡಿ ಕೋಲು

ನಾವು ಮೀನು ಹಿಡಿಯುವುದನ್ನು ಬಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸಂಗತಿ ಕಿವಿಗೆ ಬಿದ್ದವರೆಲ್ಲ ಅದನ್ನೊಂದು ಬುದ್ಧಿಮಾತು ಮಾಡಿಕೊಂಡು ಹೇಳುತ್ತಿದ್ದಾರೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತಾರೆ, ಮದುವೆ ಊಟದ ಸಾಲಿನಲ್ಲಿ ಹೇಳುತ್ತಾರೆ. ಎಲ್ಲಿ ಶುರುವಾದರೂ ಅದು ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಹೆಂಗಸರಿಗೆ ಇದೆಲ್ಲ ಯಾಕೆ ಬೇಕಿತ್ತು? ನಡೆದದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಅಣ್ಣನ ಮನೆಯ ಅಟ್ಟಕ್ಕೆ ಏಣಿ ಹಾಕಿ, ಒಂದು ವರ್ಷದಿಂದ ಅಲ್ಲೇ ಮಲಗಿದ್ದ ಉದ್ದನೆಯ ಚೀಲದ ಜಿಪ್ ಎಳೆದೆ. ಒಣಮೆಣಸಿನಕಾಯಿ, ಗೋಣಿಚೀಲ, ಹಳೆಯ ಕೊಬ್ಬರಿಯ ಘಾಟಿನ ನಡುವೆ ಬೇರೆಯೇ ಒಂದು ವಾಸನೆ ಎದ್ದಿತು. ಉಪ್ಪು, ಕೆಸರು, ಕೊಳೆತ ಎಲೆ. ನಮ್ಮ ಹೇಮಾವತಿಯ ಕೆಸರಿಗೆ ಆ ವಾಸನೆಯಿಲ್ಲ. ಅದು ಅಳಿವೆಯದು, ಹೊಳೆಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಕಲೆಯುವ ಜಾಗದ್ದು. ಜಿಪ್ಪನ್ನು ಮತ್ತೆ ಎಳೆದು ಮುಚ್ಚಿಬಿಟ್ಟೆ.

ಕೆಳಗೆ ಏಣಿ ಹಿಡಿದು ನಿಂತಿದ್ದ ಅತ್ತಿಗೆ ತಲೆಯೆತ್ತಿ ನೋಡಿದಳು. "ನೀರಿಗೆ ಬಿದ್ದೋಳು ನಾನು. ನೀನ್ಯಾಕೆ ಎದ್ರುಕತೀಯ? ಇಳ್ಸು ಅದ್ನ."

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ ಜಯಮ್ಮ. ಐವತ್ತು ದಾಟಿದವಳು, ನನ್ನ ಭುಜದ ಎತ್ತರಕ್ಕಷ್ಟೇ ಬರುವ ಸಣ್ಣ ಆಳು. ಅರಕಲಗೂಡಿನ ಕಡೆ ಕಾವೇರಿ ದಡದ ಊರಿನಿಂದ ನಮ್ಮ ಮನೆಗೆ ಬಂದಾಗ ಅವಳ ತವರಿನವರು ಕೊಟ್ಟ ಪಾತ್ರೆ-ಪಡಗದ ಜೊತೆ ಒಂದು ಬಿದಿರಿನ ಗಾಳದ ಕೋಲೂ ಬಂದಿತ್ತಂತೆ. ಅಂದಿನಿಂದ ಇಂದಿನವರೆಗೆ ಹೊಲದ ಕೆಲಸ ಮುಗಿದ ಸಂಜೆಗಳಲ್ಲಿ ಅವಳು ಹೇಮಾವತಿಯ ದಡದಲ್ಲೇ ಸಿಗುತ್ತಾಳೆ. ಗೆಂಡೆ, ಬಾಳೆಮೀನು ಏನು ಸಿಕ್ಕಿದರೂ ಸಾರಾಗುತ್ತದೆ. ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಶನಿವಾರ ಸಂಜೆ ಬಸ್ಸು ಹತ್ತಿ ಅಣ್ಣನ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆಯೇ ವಾಪಸ್ಸು. ಮೀನಿನ ಹುಚ್ಚು ನನಗೆ ಹತ್ತಿದ್ದು ಅತ್ತಿಗೆಯ ಪಕ್ಕ ಕೂತು ಕೂತು.

ಕಳೆದ ವರ್ಷ ಆಷಾಢದಲ್ಲಿ, ಬಿಡದೆ ಸೋನೆ ಹಿಡಿದಿದ್ದ ದಿನಗಳಲ್ಲಿ, ಅವಳು ನನ್ನ ಫೋನಿನಲ್ಲಿ ಒಂದು ವಿಡಿಯೋ ನೋಡಿದಳು. ಅಳಿವೆಯ ಉಪ್ಪುನೀರಿನಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಅಡಗುವ ಕೆಂಬೇರಿ ಎಂಬ ಕೆಂಪು ಮೀನು ಗಾಳ ಕಚ್ಚಿದ್ದೇ ತಡ, ಹಿಡಿದವನನ್ನೇ ಎರಡು ಹೆಜ್ಜೆ ಎಳೆದುಕೊಂಡು ಹೋಗುತ್ತಿತ್ತು. ಅತ್ತಿಗೆ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. ಹಪ್ಪಳ ಕರಿಯುವುದು ಬಿಟ್ಟು ನೋಡಿದಳು.

"ನನ್ ಕಡೆಗಂಟ ಈ ಬಡಪಾಯಿ ಗೆಂಡೇನೇ ಇಡೀತಾ ಕೂತಿರ್ಲಾ?" ಅಂದಳು. "ಇಂಥದೊಂದ ಒಂದ್ಸಾರಿ ಎಳೀಬೇಕು ಕಣೆ. ಅದು ಎಳೀಬೇಕು, ನಾನೂ ಎಳೀಬೇಕು."

ಕುಂದಾಪುರದ ಕಡೆ ಅಳಿವೆಯ ಪಕ್ಕದಲ್ಲೇ ನನ್ನ ಎಂ.ಎಸ್ಸಿ. ಗೆಳತಿ ವಿನಯಾಳ ಮನೆಯಿದೆ. ದಸರಾ ರಜೆಗೆ ಬರುತ್ತೇವೆಂದು ಹೇಳಿದೆ. ಅಲ್ಲಿಗೆ ಬಿದಿರು ಕೋಲು ನಡೆಯುವುದಿಲ್ಲ. ರೀಲು ಬೇಕು, ಅದಕ್ಕೆ ತಕ್ಕ ರಾಡು ಬೇಕು. ಗೌರಿ ಹಬ್ಬದ ಹಿಂದಿನ ವಾರ ಮೂವರೂ ಹಾಸನಕ್ಕೆ ಹೋದೆವು. ಅಣ್ಣ ಬೇಡವೆಂದೇ ಹೇಳುತ್ತಿದ್ದವನು, ಆದರೆ ಅಂಗಡಿಗೆ ಹೆಂಗಸರಿಬ್ಬರನ್ನೇ ಕಳಿಸಲು ಅವನ ಮನಸ್ಸು ಒಪ್ಪಲಿಲ್ಲ.

ಮುಂದೆ ಕ್ರಿಕೆಟ್ ಬ್ಯಾಟು, ಹಿಂದೆ ಗಾಳದ ಸಾಮಾನು ಮಾರುವ ಅಂಗಡಿ. ಅಂಗಡಿಯ ಹುಡುಗ ನಮ್ಮಿಬ್ಬರನ್ನೂ ದಾಟಿ ಅಣ್ಣನ ಮುಖ ನೋಡಿದ. "ಸಾ, ಸಮುದ್ರಕ್ಕಾ? ಅಂಗಾರೆ ಇದು ತಗಳಿ ಸಾ, ಹತ್ತಡಿ. ಎಂಥಾ ಮೀನಾದ್ರೂ ಎತ್ತಾಕ್ಬೋದು."

"ಅದ್ನೇ ತಗಳ್ರವ್ವ. ಉದ್ದುಕ್ಕದೆ, ಗಟ್ಟಿಯಾಗದೆ," ಅಂದ ಅಣ್ಣ.

ಉದ್ದ ಹೆಚ್ಚಾದಷ್ಟೂ ಅನುಕೂಲ ಮೀನಿಗೇ ಹೊರತು ನಮಗಲ್ಲ ಎಂದು ನಾನು ಹೇಳಿದೆ. ಕೋಲು ಒಂದು ಸನ್ನೆಗೋಲು, ಉದ್ದನೆಯ ತುದಿ ಮೀನಿನ ಕೈಯಲ್ಲಿರುತ್ತದೆ. ಹತ್ತಡಿಯ ಕೋಲು ದೂರ ಎಸೆಯಲು ಸರಿ. ಬೇರಿನ ಸಂದಿಗೆ ನುಗ್ಗುವ ಮೀನನ್ನು ಅಲ್ಲೇ ತಡೆದು ತಿರುಗಿಸಬೇಕಾದರೆ ಏಳಡಿ ಸಾಕು. ಅಣ್ಣ, ಅಂಗಡಿಯ ಹುಡುಗ ಇಬ್ಬರೂ ನನ್ನನ್ನು ಪರೀಕ್ಷೆಗೆ ಬರದ ಪಾಠ ಮಾಡುತ್ತಿರುವವಳಂತೆ ನೋಡಿದರು.

ಅತ್ತಿಗೆ ಏಳಡಿಯ ಕೋಲೊಂದನ್ನು ಎತ್ತಿಕೊಂಡು, ಸೆರಗಿನ ತುದಿಯನ್ನು ಸುರುಳಿ ಮಾಡಿ, ದಾರ ಹಾಯುವ ಒಂದೊಂದು ಉಂಗುರದೊಳಗೂ ಎಳೆದು ನೋಡಿದಳು. ಒಂದು ಉಂಗುರದಲ್ಲಿ ಸೆರಗಿನ ಎಳೆ ಸಿಕ್ಕಿಕೊಂಡಿತು. "ಇದ್ರಲ್ಲಿ ಸೀಳು ಅದೆ. ದಾರ ಕುಯ್ದಾಕ್ತದೆ," ಎಂದು ಬದಿಗಿಟ್ಟಳು. ಇನ್ನೊಂದಕ್ಕೆ ದಾರ ಪೋಣಿಸಿ, ಅಂಗಡಿಯ ಕ್ರಿಕೆಟ್ ಕಿಟ್ಟಿನ ಚೀಲಕ್ಕೆ ಕಟ್ಟಿ ಎತ್ತಿ ನೋಡಿದಳು. ಕೋಲಿನ ತುದಿ ಮಾತ್ರ ಬಾಗಿ, ಕೆಳಗಿನ ಅರ್ಧ ಹಾಗೇ ನಿಂತಿತು. "ಕತ್ತು ಬಗ್ಗಿಸ್ತದೆ, ಸೊಂಟ ಬಗ್ಸಲ್ಲ. ಇದು ನಂದು," ಅಂದಳು.

ರೀಲುಗಳನ್ನು ಕಿವಿಗಿಟ್ಟುಕೊಂಡು, ತೆಂಗಿನಕಾಯಿ ಅಲ್ಲಾಡಿಸಿ ಕೇಳುವ ಹಾಗೆ, ನಿಧಾನವಾಗಿ ತಿರುಗಿಸುತ್ತಾ ಒಂದೊಂದನ್ನೇ ಕೇಳಿದಳು. ಕರಕರ ಎಂದವು ಹಿಂದಕ್ಕೆ ಹೋದವು. ಲೋಹದ ಮೈಯ, ಹಿಡಿ ಅಲುಗದ, ಉಪ್ಪುನೀರು ಒಳಹೋಗದಂತೆ ಮುಚ್ಚಿದ ಒಂದು ಉಳಿಯಿತು. ಅಂಗಡಿಯ ಹುಡುಗ ಬಿಲ್ಲಿಗೆ ಅಣ್ಣನ ಹೆಸರು ಕೇಳಿದಾಗ, "ಜಯಮ್ಮ ಅಂತ ಬರಿಯಪ್ಪ. ಇಡಿಯೋಳು ನಾನು, ಅವ್ರಲ್ಲ," ಅಂದಳು. ಅಣ್ಣನ ಕಿವಿ ಕೆಂಪಗಾಯಿತು.

ಆ ಭಾದ್ರಪದವಿಡೀ ನಾಲೆಯ ಏರಿಯೇ ನಮ್ಮ ಅಳಿವೆ. ರೀಲಿನಲ್ಲಿ ತಿಳಿಯಬೇಕಾದದ್ದು ಎರಡೇ. ದಾರವನ್ನು ಉರುಳೆಗೆ ಸುತ್ತಿಸುವ ಅರ್ಧಚಂದ್ರದ ತಂತಿ ಒಂದು. ಅದನ್ನೆತ್ತಿದರೆ ದಾರ ಪೂರಾ ಬಿಡುಗಡೆ. ಅತ್ತಿಗೆ ಅದನ್ನು ಬಳೆ ಎಂದಳು. ಮುಂದೆ ಒಂದು ಬಿರಡೆ. ಅದನ್ನು ಬಿಗಿ ಮಾಡಿದಷ್ಟೂ ದಾರ ಸುಲಭಕ್ಕೆ ಹೊರಡುವುದಿಲ್ಲ, ಸಡಿಲ ಮಾಡಿದರೆ ಮೀನು ಎಳೆದಂತೆ ದಾರ ಬಿಟ್ಟುಕೊಡುತ್ತದೆ, ಕಿರ್ರೆಂದು ಸದ್ದು ಮಾಡುತ್ತಾ. ದಾರ ತಡೆಯುವ ಭಾರದ ಮೂರನೇ ಒಂದು ಪಾಲಿಗೆ ಬಿರಡೆ ಕೂರಿಸಬೇಕು. ಅಣ್ಣ ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ ನಾನು ಅಳೆದು ಕೂರಿಸಿದೆ. ಆಮೇಲೆ ಮೀನಾಗಬೇಕಾದವನು ಅಣ್ಣ. ಅವನ ಮೊಪೆಡ್ಡಿನ ಹಿಂದಿನ ಕ್ಯಾರಿಯರಿಗೆ ದಾರ ಕಟ್ಟಿ ಏರಿಯ ಮೇಲೆ ಓಡಿಸಲು ಹೇಳಿದೆವು. ಮೊಪೆಡ್ ಹೊರಟಿತು, ರೀಲು ಕಿರ್ರೆಂದು ಹಾಡಿತು, ಅತ್ತಿಗೆ ನಗುತ್ತಾ ಕೋಲನ್ನು ಎದೆಗೊತ್ತಿ ನಿಂತಳು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಂತು, "ಏನಕ್ಕ, ಗೌಡ್ರುನ್ನೇ ಗಾಳಕ್ಕಾಕ್ಬುಟ್ಟಿದೀಯ!" ಅಂದ.

"ಅವತ್ತೇ ಬಿದ್ದೋಗವ್ರೆ ಬಿಡು, ಇವತ್ತೇನಲ್ಲ," ಅಂದಳು ಅತ್ತಿಗೆ.

ನನಗೆ ಗೊತ್ತಿಲ್ಲದೆ ಎರಡು ಸಂಗತಿ ನಡೆದವು. ಎರಡೂ ಪ್ರೀತಿಯಿಂದಲೇ ನಡೆದವು.

ಅಣ್ಣನಿಗೆ ಮನೆಯಲ್ಲಿ ಯಾವುದೂ ಸಡಿಲವಾಗಿರಬಾರದು. ನಲ್ಲಿ, ಬಾಗಿಲ ಚಿಲಕ, ಪಂಪ್‌ಸೆಟ್ಟಿನ ನಟ್ಟು, ಕುಕ್ಕರಿನ ಹಿಡಿ, ಕೈಗೆ ಸಿಕ್ಕಿದ್ದನ್ನು ಒಂದು ಸುತ್ತು ಬಿಗಿ ಮಾಡಿಯೇ ಮುಂದಕ್ಕೆ ಹೋಗುತ್ತಾನೆ. ನಾವು ಹೊರಡುವ ದಿನ ಬೆಳಿಗ್ಗೆ, ಜಗಲಿಯ ಮೇಲೆ ಒರಗಿಸಿಟ್ಟಿದ್ದ ಕೋಲನ್ನು ಕೈಗೆತ್ತಿಕೊಂಡವನಿಗೆ ರೀಲಿನ ಬಿರಡೆ ಸಡಿಲ ಕಂಡಿದೆ. ದಾರಿಯಲ್ಲಿ ಎಲ್ಲಾದರೂ ಬಿದ್ದುಹೋದೀತೆಂದು ತಿರುಗುವಷ್ಟೂ ತಿರುಗಿಸಿ ಕೂರಿಸಿದ್ದಾನೆ.

ಇನ್ನೊಂದು ಅತ್ತಿಗೆಯದು. ಅವಳ ತವರಿನ ಕಡೆ ಮಗುವಿನ ಕೈಗೆ ಮೊದಲ ಗಾಳ ಕೊಡುವಾಗ ತಾಯಿಯ ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದು ಕೋಲಿನ ಬುಡವನ್ನು ಮಣಿಕಟ್ಟಿಗೆ ಕಟ್ಟುತ್ತಾರೆ. ದೊಡ್ಡ ಮೀನು ಕಚ್ಚಿದಾಗ ಕೋಲು ಕೈತಪ್ಪಿ ಹೊಳೆಪಾಲಾಗಬಾರದಲ್ಲ. ಬಿದಿರು ಕೋಲಿಗೆ, ತೆಳು ದಾರಕ್ಕೆ ಅದು ಸರಿಯೇ. ಮೀನು ಜೋರು ಮಾಡಿದರೆ ಮೊದಲು ದಾರ ಹರಿಯುತ್ತದೆ. ನಾವು ಅಳಿವೆಗೆಂದು ತಂದದ್ದು ಎಳೆ ಎಳೆ ಹೆಣೆದ ದಾರ, ಹರಿಯದಿರಲೆಂದೇ ಮಾಡಿದ್ದು. ಅತ್ತಿಗೆ ಅದಕ್ಕೂ ಪಟ್ಟಿ ಕಟ್ಟಿಕೊಂಡಳು. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುವ ಅಣ್ಣನ ತುಂಬುತೋಳಿನ ಶರ್ಟನ್ನೇ ಅಲ್ಲಿಯೂ ಬಿಸಿಲಿಗೆಂದು ಹಾಕಿಕೊಂಡಿದ್ದಳು. ಪಟ್ಟಿ ತೋಳಿನೊಳಗೆ ಮುಚ್ಚಿಹೋಗಿತ್ತು.

ಶಿರಾಡಿ ಘಾಟಿ ಇಳಿಯುವಾಗ ಅವಳು ಕಿಟಕಿಯಿಂದ ಕತ್ತು ಒಳಗೆ ಎಳೆದುಕೊಳ್ಳಲೇ ಇಲ್ಲ. ವಿನಯಾಳ ಮನೆಯಲ್ಲಿ ಎರಡು ದಿನ ಏನೂ ಕಚ್ಚಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಉಬ್ಬರ ಮುಗಿದು ನೀರು ಸಮುದ್ರದ ಕಡೆ ಇಳಿಯತೊಡಗಿದ ಹೊತ್ತಿಗೆ, ಕೆಂಪು ಕಲ್ಲಿನ ದಡದ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದೆವು. ಎಡಗಡೆ ಹಳೆಯ ದೋಣಿಕಟ್ಟೆಯ ಮರದ ಕಂಬಗಳು ನೀರಿನಲ್ಲಿ ಸಾಲಾಗಿ ನಿಂತಿದ್ದವು. ಬಲಗಡೆ ದೂರದಲ್ಲಿ ಕಾಂಡ್ಲಾ ಗಿಡಗಳು. ಕಾಲಡಿಯ ಕಲ್ಲಿಗೆ ಪಾಚಿ ಹಿಡಿದಿತ್ತು. ಅತ್ತಿಗೆ ಕಂಬಗಳ ಹತ್ತಿರಕ್ಕೆ ಎಸೆದಳು.

ಇದರ ಮುಂದಿನದನ್ನು ನಾನು ಕಾಲೇಜಿನ ಬೋರ್ಡಿನ ಮುಂದೆ ನಿಂತಾಗ, ಬಸ್ಸಿನಲ್ಲಿ ಕೂತಾಗ, ಅನ್ನಕ್ಕೆ ನೀರಿಡುವಾಗ ಎಷ್ಟು ಸಾರಿ ನೋಡಿದ್ದೇನೋ ಲೆಕ್ಕವಿಲ್ಲ. ಕೋಲಿನ ತುದಿ ನೀರಿಗೆ ಬಡಿಯುವಂತೆ ಬಾಗಿತು. ನಾನು ಕಿರ್ರೆನ್ನುವ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಅದೇ, ಅದೊಂದೇ ಕ್ಷಣ ಇವತ್ತಿಗೂ ನನ್ನನ್ನು ಹಿಡಿದು ನಿಲ್ಲಿಸುವುದು. ರೀಲು ಬಾಯಿ ಮುಚ್ಚಿಕೊಂಡಿತ್ತು. ದಾರ ಒಂದು ಗೇಣೂ ಹೊರಡಲಿಲ್ಲ. ಮೀನು ಕಂಬಗಳ ಕಡೆಗೆ ಜಗ್ಗಿದ ಪೆಟ್ಟು ನೇರವಾಗಿ ಅತ್ತಿಗೆಯ ಮಣಿಕಟ್ಟಿಗೆ ಬಿತ್ತು. ಪಾಚಿಯ ಮೇಲೆ ಅವಳ ಕಾಲು ಜಾರಿತು. ಕೂಗು ಕೂಡ ಬರಲಿಲ್ಲ, ನೀರಿಗೆ ಬಿದ್ದ ಸದ್ದಷ್ಟೇ.

ಅವಳು ಈಜು ಬಲ್ಲವಳು, ಎದ್ದು ಬರುತ್ತಾಳೆಂದುಕೊಂಡೆ. ತಲೆ ಮೇಲೆ ಬಂತು. ಆದರೆ ಇಳಿತದ ನೀರು ಅವಳನ್ನು ಬಲಕ್ಕೆ ಒಯ್ಯುತ್ತಿತ್ತು, ಮೀನು ಎಡಗಡೆಯ ಕಂಬಕ್ಕೆ ದಾರ ಸುತ್ತಿಬಿಟ್ಟಿತ್ತು. ಕಂಬಕ್ಕೆ ಕಟ್ಟಿದ ದೋಣಿಯ ಹಾಗೆ ಅವಳು ಹೊಳೆಯ ಮಧ್ಯೆ ನಿಂತುಬಿಟ್ಟಳು. ಬಲಗೈ ಕೋಲಿನ ಜೊತೆ ಮುಂದಕ್ಕೆ ಚಾಚಿಕೊಂಡಿದೆ, ನೀರಿನ ರಭಸಕ್ಕೆ ಮುಖ ಮುಳುಗುತ್ತಿದೆ, ಏಳುತ್ತಿದೆ, ಮತ್ತೆ ಮುಳುಗುತ್ತಿದೆ. "ಕೋಲು ಬಿಡು!" ಎಂದು ಕಿರುಚಿದೆ. ಅವಳು ಕೈ ಎತ್ತಿ ತೋರಿಸಿದಳು. ಶರ್ಟಿನ ತೋಳು ಹಿಂದಕ್ಕೆ ಸರಿದಿತ್ತು. ಸೀರೆಯ ಪಟ್ಟಿ ನೆನೆದು ಮಾಂಸಕ್ಕೆ ಕಚ್ಚಿಕೊಂಡದ್ದು ದಡದಿಂದಲೇ ಕಂಡಿತು.

ನನಗೆ ಈಜು ಬಾರದು. ನೀರಿಗೆ ಹಾರಿದ್ದರೆ ಎರಡು ಹೆಣ. ನನ್ನ ಹತ್ತಿರ ಇದ್ದದ್ದು ಗಂಟಲೊಂದೇ.

"ಬಳೆ ಎತ್ತು ಅತ್ಗೆ! ಬಳೆ ಎತ್ತು!"

ಅವಳಿಗೆ ಕೇಳಿಸಿತು. ಎಡಗೈ ರೀಲಿನ ಹತ್ತಿರ ಬಂತು. ಬಂದು ನಿಂತಿತು. ಆ ನೀರಿನ ನಡುವೆ ಅವಳು ನನ್ನ ಕಡೆ ನೋಡಿದ ನೋಟ ನನಗೆ ಅರ್ಥವಾಯಿತು. ಬಳೆ ಎತ್ತಿದರೆ ಮೀನು ಹೋಗುತ್ತದೆ. ಆಷಾಢದಿಂದ ಕಾದ ಮೀನು! ಇನ್ನೊಂದು ಸಲ ಮುಖ ಮುಳುಗಿತು. ಈ ಸಲ ಏಳುವುದು ತಡವಾಯಿತು. ನಾನು ಗಂಟಲೆತ್ತಿ, ನನ್ನ ಜೀವನದಲ್ಲಿ ಅವಳಿಗೆ ಎಂದೂ ಆಡದ ಬೈಗುಳ ಆಡಿದೆ. ಇಲ್ಲಿ ಬರೆಯಲಾರೆ. ಬೆರಳು ಆಡಿತು. ತಂತಿ ಮೇಲೆದ್ದದ್ದು ಬಿಸಿಲಿಗೆ ಮಿಂಚಿತು. ದಾರ ಸುರುಳಿ ಸುರುಳಿಯಾಗಿ ಹಾರಿತು.

ಕಟ್ಟು ಬಿಚ್ಚಿದ ದೋಣಿಯಂತೆ ಅವಳು ಬಲಕ್ಕೆ ತೇಲಿದಳು. ನಾನು ದಡದುದ್ದ ಓಡಿದೆ. ಅಂಗಾತವಾಗಿ, ಒಂದೇ ಕೈಯಲ್ಲಿ ನೀರು ತಳ್ಳುತ್ತಾ ಕಾಂಡ್ಲಾ ಗಿಡದ ಕೊಂಬೆ ಹಿಡಿದವಳನ್ನು, ಮೊಣಕಾಲುದ್ದ ಕೆಸರಿಗಿಳಿದು ಶರ್ಟಿನ ಕಾಲರ್ ಹಿಡಿದು ಎಳೆದೆ. ಕೋಲು ಇನ್ನೂ ಕೈಗೆ ಕಟ್ಟಿಕೊಂಡೇ ಇತ್ತು. ಅವಳು ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಮೀನು ಓಯ್ತಾ?"

ವಿನಯಾಳ ಮನೆಯಲ್ಲಿ ಪಟ್ಟಿ ಕತ್ತರಿಸುವಾಗ ರೀಲು ನೋಡಿದೆ. ಬಿರಡೆ ಕೊನೆಯವರೆಗೂ ಬಿಗಿ. "ಸಮುದ್ರದ ಮೀನ್ಗೆ ಅಂತ ನೀನೇ ಬಿಗಿ ಮಾಡಿರ್ಬೇಕು ಅಂದ್ಕಂಡೆ," ಅಂದಳು ಅತ್ತಿಗೆ. ನಾನಲ್ಲ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮನೆಯಲ್ಲಿ ಎಲ್ಲವನ್ನೂ ಬಿಗಿ ಮಾಡುವವನು ಒಬ್ಬನೇ. "ನಿಮ್ಮಣ್ಣುಂಗೆ ಯೋಳ್ಬ್ಯಾಡ. ಸತ್ತೋಯ್ತಾರೆ," ಅಂದಳು.

ನಾವು ಊರಿಗೆ ವಾಪಸ್ಸು ಬಂದ ದಿನವೇ ಅಣ್ಣ ಚೀಲ ಕಟ್ಟಿ ಅಟ್ಟಕ್ಕೆಸೆದ. ಊರು ಮಾತಾಡತೊಡಗಿತು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂತು, "ಅತ್ಗೇನ ಸಮುದ್ರಕ್ಕಾಕಕ್ಕೆ ಕರ್ಕಂಡೋಗಿದ್ಲಂತೆ ಈಯಮ್ಮ," ಅಂದವರಿದ್ದಾರೆ. ತಿರುಗಿ ನೋಡಿದರೆ ಕಿಟಕಿಯ ಹೊರಗೆ ನೋಡಿದರು. ಬೈಕಿನ ಸಮೇತ ನಾಲೆಗೆ ಬಿದ್ದ ಗಂಡಸರು ನಮ್ಮ ತಾಲೂಕಿನಲ್ಲಿ ಕಡಿಮೆಯೇನಿಲ್ಲ. ಗಂಡಸರಿಗೆ ಬೈಕು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದ್ದು ನನಗೆ ಗೊತ್ತಿಲ್ಲ. ನಮ್ಮ ಸ್ಟಾಫ್ ರೂಮಿನ ಪದ್ಮಾವತಿ ಮೇಡಂ ಶ್ರವಣಬೆಳಗೊಳದ ಜೈನರು. ಊಟದ ಹೊತ್ತಿನಲ್ಲಿ ಮೀನಿನ ಮಾತೆತ್ತಿದರೆ ಎದ್ದು ಹೋಗುವವರು. ನಡೆದದ್ದನ್ನೆಲ್ಲ ನನ್ನ ಬಾಯಲ್ಲೇ ಕೇಳಿದ ಮೇಲೆ ಅವರೊಬ್ಬರು ಬೇರೆ ಥರ ಕೇಳಿದರು. "ಮತ್ತೆ ಹೋಗ್ತಾರಾ ನಿಮ್ಮತ್ತಿಗೆ?" ಗೊತ್ತಿಲ್ಲ ಅಂದೆ. "ಹೋಗ್ಲಿ. ಆದ್ರೆ ಹಿಡಿದ್ರೆ ಬಿಟ್ಬಿಡೋಕೆ ಹೇಳಿ, ಆ ಮೀನಿಗೂ ಬಳೆ ಎತ್ಲಿ," ಎಂದು ಡಬ್ಬಿ ಮುಚ್ಚಿದರು.

ಗೊತ್ತಿಲ್ಲ ಅಂದದ್ದು ನಿಜ. ಅತ್ತಿಗೆ ಬಿದಿರು ಕೋಲು ಹಿಡಿದು ಹೇಮಾವತಿಗೆ ಹೋಗುತ್ತಲೇ ಇದ್ದಳು, ಕೈಗೆ ಏನೂ ಕಟ್ಟದೆ. ಅಟ್ಟದ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಅವಳು ಕೇಳದಿದ್ದರೆ ಸಾಕೆಂದು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. ಈ ವರ್ಷವೂ ದಸರಾ ಹತ್ತಿರ ಬಂತು. ಮೊನ್ನೆ ಭಾನುವಾರ ತಾನೇ ಏಣಿ ತಂದು ಅಟ್ಟಕ್ಕಿಟ್ಟಳು.

ಚೀಲ ಕೆಳಗಿಳಿದದ್ದು ಕಂಡು ಅಣ್ಣ ಹಟ್ಟಿಯಿಂದಲೇ ಕೂಗಿಕೊಂಡು ಬಂದ. "ಒಂದ್ಸಾರಿ ಸಾಯಕ್ಕೋಗಿದ್ದು ಸಾಲ್ದಾ? ಬೆಂಕಿಗಾಕ್ತೀನಿ ಅದ್ನ! ನಿನ್ನಿಂದ್ಲೇ ಕಣೇ ಶೈಲಾ ಇದೆಲ್ಲ. ಓದ್ದೋಳು ಓದ್ದೋಳಂತ ಬಿಟ್ಟಿದ್ದೇ ತಪ್ಪಾಯ್ತು!"

ಒಂದು ವರ್ಷ ನುಂಗಿಕೊಂಡಿದ್ದೆ. "ಬಿರಡೆ ಬಿಗಿ ಮಾಡಿದ್ದು ಯಾರಣ್ಣ?" ಅಂದೆ.

"ಯಾವ ಬಿರಡೆ?"

ರೀಲು ಅವನ ಕೈಗಿಟ್ಟೆ. ಅವನ ಬೆರಳು ತಾನಾಗಿಯೇ ಬಿರಡೆಯ ಮೇಲೆ ಹೋಯಿತು. ಇನ್ನೂ ಬಿಗಿಯಾಗಿದೆಯೇ ಎಂದು ನೋಡುವ ಹಾಗೆ. ಅಲ್ಲೇ ನಿಂತಿತು. ಅವನು ನಮ್ಮಿಬ್ಬರ ಮುಖವನ್ನೂ ನೋಡಿದ. ಜಗಲಿಯ ಮೇಲೆ ಕುಸಿದು ಕೂತ.

"ನಾನೂ ಪಟ್ಟಿ ಕಟ್ಕಂಡಿದ್ದೆ," ಅಂದಳು ಅತ್ತಿಗೆ. "ಅದೊಂದೇ ಆಗಿದ್ರೆ ಏನೂ ಆಯ್ತಿರ್ನಿಲ್ಲ, ಇದೊಂದೇ ಆಗಿದ್ರೂ ಆಯ್ತಿರ್ನಿಲ್ಲ. ನೀವು ಉಳೀಲಿ ಅಂತ ಬಿಗಿ ಮಾಡುದ್ರಿ, ನಾನು ಉಳೀಲಿ ಅಂತ ಕಟ್ಕಂಡೆ. ಅಷ್ಟೇಯ. ಅದ್ಕೆ ಬಿಟ್ಟು ಕೂತ್ಕಳಕಾದದಾ? ಎದ್ದೇಳಿ, ತಕ್ಕಡಿ ತನ್ನಿ."

ಅವನು ಕೈ ಊರಿ ಎದ್ದ. ಎದ್ದವನು ಒಳಗೆ ಹೋಗಿ ಸ್ಪ್ರಿಂಗ್ ತಕ್ಕಡಿ ತಂದ. ನಾನು ಬಿರಡೆಯ ಕಡೆ ಕೈ ಚಾಚಿದರೆ ಕೊಡಲಿಲ್ಲ. ಹುಟ್ಟಿದಾಗಿನಿಂದ ಯಾವುದನ್ನೂ ಸಡಿಲ ಮಾಡದ ನನ್ನಣ್ಣ, ಕಣ್ಣು ತಕ್ಕಡಿಯ ಮುಳ್ಳಿನ ಮೇಲಿಟ್ಟು, ತಾನೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಸಡಿಲ ಮಾಡಿದ. "ಇಷ್ಟು ಸಾಕಾ? ಇನ್ನೂ ಬಿಡ್ಲಾ?" ಎಂದು ಕೇಳಿ ಕೇಳಿ ಮಾಡಿದ. ಅತ್ತಿಗೆ ಆ ಹೊತ್ತಿಗೆ ತೇಲುವ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿ ನೋಡುತ್ತಿದ್ದಳು. ಈ ಸಲ ಹೋಗುವುದಾದರೆ ಅದಿಲ್ಲದೆ ಇಲ್ಲ ಎಂದು ನಾನು ತಂದಿಟ್ಟಿದ್ದೆ.

ನಾಲೆಯ ಏರಿಗೆ ಹೋದೆವು. ಮೊಪೆಡ್ ಕೆಟ್ಟು ನಿಂತಿತ್ತು. ಅಣ್ಣ ಅತ್ತಿಗೆಯ ಪಕ್ಕ ಬಿಟ್ಟು ಬರಲೊಲ್ಲ, ಮೀನಾಗಲು ಬೇರೆ ಯಾರೂ ಇರಲಿಲ್ಲ.

"ನೀನೇ ಓಡೇ," ಅಂದಳು ಅತ್ತಿಗೆ.

ದಾರದ ತುದಿಯನ್ನು ಒಂದು ಮರದ ತುಂಡಿಗೆ ಕಟ್ಟಿ ಎರಡೂ ಕೈಯಲ್ಲಿ ಹಿಡಿದೆ. ಬೆನ್ನ ಹಿಂದೆ ಅವಳು ಏಳಡಿಯ ಕೋಲು ಹಿಡಿದು ನಿಂತಳು. ಮಣಿಕಟ್ಟಿನ ಮೇಲೆ ಪಟ್ಟಿಯ ಗಾಯ ಬಿಳಿಯ ಗೆರೆಯಾಗಿ ಉಳಿದಿತ್ತು, ಅಷ್ಟು ಬಿಟ್ಟರೆ ಅಲ್ಲಿ ಏನೂ ಕಟ್ಟಿರಲಿಲ್ಲ. ನಾನು ಓಡಿದೆ. ನಾಲ್ಕು ಹೆಜ್ಜೆಗೆ ದಾರ ಬಿಗಿಯಾಯಿತು. ಆ ಕ್ಷಣ ಬಂತು, ಸದ್ದಿಲ್ಲದ ಆ ಕ್ಷಣ. ನನ್ನ ಕಾಲು ನಿಂತೇಬಿಡುತ್ತಿತ್ತು.

ಕಿರ್ರ್‌ರ್‌ ಎಂದಿತು ರೀಲು.

ನಾನು ನಿಲ್ಲಲಿಲ್ಲ. ಇನ್ನೂ ಜೋರಾಗಿ ಓಡಿದೆ. ಆ ಮೀನಿಗಿದ್ದ ಸಿಟ್ಟನ್ನೆಲ್ಲ ನನ್ನ ಕಾಲಿಗೆ ತಂದುಕೊಂಡು, ಬಾಗಿ, ಜಗ್ಗಿ, ಅವಳನ್ನು ಬೀಳಿಸಬೇಕೆಂದೇ ಎಳೆದೆ. ರೀಲು ಹಾಡುತ್ತಲೇ ಇತ್ತು, ದಾರ ಬರುತ್ತಲೇ ಇತ್ತು. ತಿರುಗಿ ನೋಡಿದರೆ ಅತ್ತಿಗೆ ನಿಂತ ಜಾಗದಿಂದ ಕದಲಿರಲಿಲ್ಲ. ಅವಳ ಹಿಂದೆ ಅಣ್ಣ ಎರಡೂ ಕೈ ಚಾಚಿಕೊಂಡು, ಹಿಡಿಯಲು ಸಿದ್ಧವಾಗಿ, ಹಿಡಿಯದೆ ನಿಂತಿದ್ದ.

"ಎಳಿಯೇ ಇನ್ನೂವೇ!" ಎಂದು ಕೂಗಿದಳು. "ಆ ಮೀನು ನಿನ್ನಂಗೆ ನಾಚ್ಕತಿರ್ನಿಲ್ಲ!"